ನಾಲ್ಕು ಜೊತೆ ಕಣ್ಣು, ಒಂದು ಕೆರೆ ಏರಿ

ಹಕ್ಕಿ ನೋಡಬೇಕೆಂದರೆ ಕಾಡಿಗೇ ಹೋಗಬೇಕು ಎಂದು ನಂಬಿದವರು ದಾವಣಗೆರೆಯಲ್ಲಿ ಬೇಕಾದಷ್ಟಿದ್ದಾರೆ. ರಜೆ ಸಿಕ್ಕರೆ ದಾಂಡೇಲಿ, ಭದ್ರಾ, ರಂಗನತಿಟ್ಟು ಎಂದು ಹೊರಡುತ್ತಾರೆ. ಉಳಿದ ಮುನ್ನೂರು ಚಿಲ್ಲರೆ ದಿನ ಮನೆ ಮುಂದಿನ ಹೊಂಗೆ ಮರದಲ್ಲಿ ಕೂಗುತ್ತಿರುವುದು ಯಾವುದೆಂದು ಕತ್ತೆತ್ತಿಯೂ ನೋಡುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ನಮ್ಮದು ಬಯಲುಸೀಮೆ, ಬಿಸಿಲೂರು, ಮಿಲ್ಲುಗಳ ಊರು ಎಂದೇ ನಾವೆಲ್ಲ ಹೇಳಿಕೊಂಡು ಬಂದವರು. ಆದರೆ ಭದ್ರಾ ನಾಲೆಯ ನೀರು ಹರಿದ ಸೀಮೆಯಲ್ಲಿ ಹಕ್ಕಿಗಳ ಲೆಕ್ಕಾಚಾರವೇ ಬೇರೆ. ಒಂದು ಕಡೆ ಭತ್ತದ ಗದ್ದೆ, ಅಡಿಕೆ ತೋಟ, ತುಂಬಿದ ಕೆರೆ. ಇನ್ನೊಂದು ಕಡೆ ಜಗಳೂರಿನತ್ತ ಕುರುಚಲು ಕಾಡು, ಮೆಕ್ಕೆಜೋಳದ ಹೊಲ. ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದಲ್ಲಿ ತುಂಗಭದ್ರೆ. ಕೆರೆಯ ಹಕ್ಕಿ, ಬಯಲ ಹಕ್ಕಿ, ಹೊಳೆಯ ಹಕ್ಕಿ ಮೂರನ್ನೂ ಒಂದೇ ಬೆಳಗಿನಲ್ಲಿ ನೋಡಿಕೊಂಡು ಮನೆಗೆ ಬಂದು ಸ್ನಾನ ಮಾಡಬಹುದು.

ಶುರುವಾಗಬೇಕಾದ್ದು ಮನೆಯ ಬೀದಿಯಿಂದಲೇ. ವಿದ್ಯಾನಗರ, ತರಳಬಾಳು ಬಡಾವಣೆಯಂಥ ಹಳೆಯ ಬಡಾವಣೆಗಳಲ್ಲಿ ಮರಗಳು ಇನ್ನೂ ಉಳಿದಿವೆ. ಬೆಳಿಗ್ಗೆ ಆರರಿಂದ ಏಳೂವರೆ ಒಳ್ಳೆಯ ಹೊತ್ತು. ಶಾಲೆಯ ವ್ಯಾನುಗಳು ಹಾರ್ನ್ ಹೊಡೆಯಲು ಶುರು ಮಾಡಿದ ಮೇಲೆ ಕಿವಿಗೆ ಕೆಲಸವಿಲ್ಲ. ಗಸಗಸೆ ಹಣ್ಣಿನ ಮರ ಎಲ್ಲಿದೆಯೆಂದು ಮೊದಲು ನೋಡಿಟ್ಟುಕೊಳ್ಳಿ. ಮಕ್ಕಳು ಕಿತ್ತು ತಿನ್ನುವ ಆ ಪುಟ್ಟ ಕೆಂಪು ಹಣ್ಣಿಗೆ ಪಿಕಳಾರ, ಕೋಗಿಲೆ, ಬದನಿಕೆ ಹಕ್ಕಿ ಎಲ್ಲವೂ ಬರುತ್ತವೆ. ಒಣಗಿದ ಕೊಂಬೆಯ ತುದಿಯಲ್ಲಿ ಕೂತು ‘ಟುಕ್ ಟುಕ್ ಟುಕ್’ ಎಂದು ತಾಳ ತಪ್ಪದೆ ಕುಟ್ಟುವುದು ಕಂಚುಗಾರ ಹಕ್ಕಿ. ಗುಬ್ಬಿಗಿಂತ ತುಸು ದೊಡ್ಡದು, ಹಣೆ ಕೆಂಪು. ಸದ್ದು ಒಂದು ದಿಕ್ಕಿನಿಂದ ಬಂದಂತೆ ಕೇಳಿ, ಹಕ್ಕಿ ಇನ್ನೊಂದು ದಿಕ್ಕಿನಲ್ಲಿರುತ್ತದೆ, ಏಕೆಂದರೆ ಕೂಗುವಾಗ ಅದು ತಲೆಯನ್ನು ಅತ್ತಿತ್ತ ತಿರುಗಿಸುತ್ತಿರುತ್ತದೆ. ಕರೆಂಟ್ ತಂತಿಯ ಮೇಲೆ ಕಾಜಾಣ, ಕಾಂಪೌಂಡಿನ ದಾಸವಾಳಕ್ಕೆ ಸೂರಕ್ಕಿ, ಖಾಲಿ ಸೈಟಿನಲ್ಲಿ ಗದ್ದಲ ಹಚ್ಚುವ ಟಿಟ್ಟಿಭ. ಈ ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಜಲ್ಲಿ ಕಲ್ಲಿನ ನಡುವೆಯೇ ಮೊಟ್ಟೆ ಇಟ್ಟು ಹತ್ತಿರ ಬಂದವರ ತಲೆಯ ಮೇಲೆ ಎರಗಿ ಕಿರುಚುತ್ತದೆ. ಸೈಟಿಗೆ ಜಲ್ಲಿ ಹೊಡೆಸುವ ಮೊದಲು ಒಮ್ಮೆ ನೋಡಿ ಎಂದು ಮೇಸ್ತ್ರಿಗೆ ಹೇಳುವುದೂ ಹಕ್ಕಿ ನೋಡುವವರ ಕೆಲಸವೇ.

ಇಷ್ಟನ್ನು ಒಬ್ಬರೇ ನೋಡಬಹುದಲ್ಲ, ಜೊತೆ ಯಾಕೆ ಎಂದು ಕೇಳಬಹುದು. ಹೆಚ್ಚು ಹಕ್ಕಿ ಕಾಣಲಿ ಎಂದಲ್ಲ, ಒಂದೇ ಹಕ್ಕಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವಂತಾಗಲಿ ಎಂದು. ಒಬ್ಬರೇ ಇದ್ದಾಗ ಹೆಸರು ಹೊಳೆದ ಕೂಡಲೇ ಕಾಲು ಮುಂದೆ ಹೋಗುತ್ತದೆ: ಬೆಳ್ಳಕ್ಕಿ, ಸರಿ, ಮುಂದೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ, ‘ಅಯ್ಯೋ ತಡೀರಿ, ಕಾಲು ನೋಡ್ರಿ, ಕಾಲು ಕರ್ರಗೈತಿ, ಪಾದ ಹಳದಿ ಐತಿ’ ಎನ್ನುತ್ತಾರೆ. ಅಲ್ಲಿಂದ ಚರ್ಚೆ ಶುರು. ಕಪ್ಪು ಕಾಲು, ಹಳದಿ ಪಾದ, ಕಪ್ಪು ಕೊಕ್ಕು ಇದ್ದರೆ ಅದು ಸಣ್ಣ ಬೆಳ್ಳಕ್ಕಿ. ಕೊಕ್ಕು ಹಳದಿಯಿದ್ದು ದನದ ಹಿಂದೆ ಹಿಂದೆ ಓಡಾಡುತ್ತಿದ್ದರೆ ಗೋವಕ್ಕಿ. ಮರಿ ಮಾಡುವ ಕಾಲಕ್ಕೆ ಅದರ ತಲೆ, ಕತ್ತು, ಬೆನ್ನಿಗೆ ಕಾವಿ ಬಣ್ಣ ಬರುತ್ತದೆ. ಎಲ್ಲಕ್ಕಿಂತ ಎತ್ತರವಾಗಿ, ಕತ್ತು ಡೊಂಕು ಮಾಡಿಕೊಂಡು ನಿಂತಿದ್ದರೆ ದೊಡ್ಡ ಬೆಳ್ಳಕ್ಕಿ. ಅದರ ಬಾಯಿಯ ಸೀಳುಗೆರೆ ಕಣ್ಣಿನ ಹಿಂದಕ್ಕೂ ಚಾಚಿರುತ್ತದೆ. ಹುಟ್ಟಿದಾಗಿನಿಂದ ನೋಡಿದ ಬೆಳ್ಳಕ್ಕಿಯಲ್ಲಿ ಇಷ್ಟು ಬಗೆಯಿದೆ ಎಂದು ಗೊತ್ತಾಗುವುದು ಯಾರಾದರೂ ತಕರಾರು ತೆಗೆದಾಗ ಮಾತ್ರ.

ಜೊತೆಗಾರರು ಒಂದೇ ಓರಗೆಯವರಾಗಿದ್ದರೆ ಅರ್ಧ ಲಾಭ ಹೋಯಿತು. ವಯಸ್ಸಾದಂತೆ ತೀರಾ ಕೀರಲು ದನಿ ಕಿವಿಗೆ ಬೀಳುವುದು ಕಡಿಮೆಯಾಗುತ್ತದೆ. ಬದನಿಕೆ ಹಕ್ಕಿಯ ‘ಚಿಕ್ ಚಿಕ್’ ಸದ್ದು ಹನ್ನೆರಡರ ಹುಡುಗಿಗೆ ಕೇಳಿದಷ್ಟು ಸಲೀಸಾಗಿ ನಿವೃತ್ತ ಮೇಷ್ಟ್ರಿಗೆ ಕೇಳುವುದಿಲ್ಲ. ಆಕಾಶದಲ್ಲಿ ಚುಕ್ಕಿಯಷ್ಟೇ ಕಾಣುವುದು ಹದ್ದೋ ಗರುಡವೋ ಎಂದು ರೆಕ್ಕೆಯ ಆಕಾರದ ಮೇಲೆ ಹೇಳಲು ಮೇಷ್ಟ್ರೇ ಬೇಕು. ಹಳ್ಳಿಯಿಂದ ಬಂದವರೊಬ್ಬರು ಗುಂಪಿನಲ್ಲಿದ್ದರೆ ಗೌಜುಗ ಎಲ್ಲಿ ಅಡಗುತ್ತದೆ, ಗೀಜಗ ಯಾವ ಬಾವಿಯ ಮೇಲಿನ ಜಾಲಿಯಲ್ಲಿ ಗೂಡು ನೇಯುತ್ತದೆ ಎಂಬುದು ಪುಸ್ತಕವಿಲ್ಲದೆ ಗೊತ್ತಾಗುತ್ತದೆ. ನಾಲ್ಕರಿಂದ ಆರು ಜನ ಹದವಾದ ಸಂಖ್ಯೆ. ಹತ್ತು ದಾಟಿದರೆ ಅದು ಮೆರವಣಿಗೆ. ಹಿಂದಿನವರು ಬರುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಇಂಥ ಗುಂಪು ಬಾಳುವುದಕ್ಕೆ ಬೇಕಾದ್ದು ಒಂದು ಖಾಯಂ ದಿನ. ಬೆಂಗಳೂರಿನ ಉದಾಹರಣೆ ಕಣ್ಣ ಮುಂದಿದೆ. 1972ರಲ್ಲಿ ಜೋಸೆಫ್ ಜಾರ್ಜ್ ಅವರ ಮುಂದಾಳುತನದಲ್ಲಿ ಹುಟ್ಟಿದ ಬೆಂಗಳೂರು ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ಪದ್ಧತಿ ಹಾಕಿಕೊಂಡಿತು. ಗಾಜಿನ ಮನೆಯ ಹತ್ತಿರ ಹೋಗಿ ನಿಂತರಾಯಿತು, ಯಾರಾದರೂ ಇದ್ದೇ ಇರುತ್ತಾರೆ ಎಂಬ ನಂಬಿಕೆಯೇ ಅದನ್ನು ದಶಕಗಟ್ಟಲೆ ನಡೆಸಿತು. ನಾವು ವಾಟ್ಸ್‌ಆ್ಯಪ್ ಗುಂಪು ಮಾಡಿ, ‘ಈ ವಾರ ಹೋಗೋಣವಾ?’ ಎಂದು ಕೇಳಿ, ಹೆಬ್ಬೆರಳ ಗುರುತು ಎಣಿಸಿ, ಕೊನೆಗೆ ಯಾರೂ ಹೋಗುವುದಿಲ್ಲ. ಕೇಳಬೇಡಿ. ಮೊದಲ ಭಾನುವಾರ, ಬೆಳಿಗ್ಗೆ ಆರೂಕಾಲು, ಕುಂದವಾಡ ಕೆರೆ ಏರಿ ಎಂದು ಗೊತ್ತು ಮಾಡಿಬಿಡಿ. ಬಂದವರು ಬಂದರು.

ಕುಂದವಾಡ ಕೆರೆಯನ್ನೇ ಯಾಕೆ ಹೇಳುತ್ತಿದ್ದೇನೆಂದರೆ, ಊರಿಗೆ ಕುಡಿಯುವ ನೀರು ಕೊಡಲು ಭದ್ರಾ ನಾಲೆಯಿಂದ ತುಂಬಿಸುವ ಕೆರೆಯಿದು. ಸುತ್ತಲ ಕೆರೆಗಳು ಒಣಗುವ ಕಾಲಕ್ಕೂ ಇಲ್ಲಿ ನೀರಿರುತ್ತದೆ. ಏರಿಯ ಮೇಲೆ ನಡೆಯುವ ದಾರಿಯಿದೆ, ಬೆಳಗಿನ ವಾಕಿಂಗ್‌ನವರು ಇರುತ್ತಾರೆ, ಹೆಣ್ಣುಮಕ್ಕಳು ಅಂಜಿಕೆಯಿಲ್ಲದೆ ಬರಬಹುದು. ದಿನಾ ಜನ ಓಡಾಡುವುದರಿಂದ ಹಕ್ಕಿಗಳಿಗೂ ನಮ್ಮ ಅಭ್ಯಾಸವಾಗಿರುತ್ತದೆ. ಸೂರ್ಯ ಬೆನ್ನ ಹಿಂದೆ ಬರುವಂತೆ ನಿಂತುಕೊಳ್ಳಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕರಿ ಹಕ್ಕಿಯೇ.

ಏರಿಯ ಮೇಲೆ ನಿಂತು ಮೊದಲು ನೀರಿನ ನಡುವನ್ನು ನೋಡಿ, ಆಮೇಲೆ ಅಂಚು. ನಡುವೆ ತೇಲುವ ಕಪ್ಪು ಹಕ್ಕಿಯ ಹಣೆಯಲ್ಲಿ ಬಿಳಿ ನಾಮವಿದ್ದರೆ ನಾಮದ ಕೋಳಿ. ಅದು ಹಾರಬೇಕಾದಾಗ ನೀರಿನ ಮೇಲೆ ದಡದಡ ಓಡಿ ಆಮೇಲೆ ಮೇಲೇಳುತ್ತದೆ. ಕಲ್ಲಿನ ಮೇಲೋ ಒಣಗಿದ ಬೊಡ್ಡೆಯ ಮೇಲೋ ರೆಕ್ಕೆ ಬಿಚ್ಚಿ ಹರವಿಕೊಂಡು ನಿಂತದ್ದು ನೀರುಕಾಗೆ. ಬಾತುಗಳ ಗರಿಯಂತೆ ಅದರ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ. ನೆನೆದು ಭಾರವಾದ ಮೈ ಮುಳುಗಲು ಅನುಕೂಲ, ಆದರೆ ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಬೇಕು. ಇನ್ನೊಂದು ಪುಟ್ಟ ಹಕ್ಕಿ ಕಣ್ಣ ಮುಂದೆಯೇ ಗುಳುಂ ಎಂದು ಮಾಯವಾಗುತ್ತದೆ. ಅದು ಗುಳುಮುಳುಕ. ಇದನ್ನು ನೋಡಲು ಗುಂಪೇ ಬೇಕು: ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ಕಣ್ಣಿಟ್ಟಿರಬೇಕು, ಎಲ್ಲಿ ಏಳುತ್ತದೋ ಹೇಳುವಂತಿಲ್ಲ. ಮರಿ ಮಾಡುವ ಕಾಲದಲ್ಲಿ ಬೆನ್ನ ಮೇಲಿನ ಗರಿಯೊಳಗೆ ಪಟ್ಟೆಪಟ್ಟೆ ತಲೆಯ ಮರಿಗಳನ್ನು ಕೂರಿಸಿಕೊಂಡು ಈಜುತ್ತದೆ.

ತೇಲುವ ಎಲೆಗಳಿರುವ ಕೆರೆಯಾದರೆ ದೇವನಕ್ಕಿಗಾಗಿ ಕಾಯಿರಿ. ಜೇಡದ ಕಾಲಿನ ಹಾಗೆ ಉದ್ದುದ್ದ ಬೆರಳಿರುವುದರಿಂದ ಮೈಭಾರ ಹಂಚಿಹೋಗಿ ತಾವರೆ ಎಲೆಯ ಮೇಲೆ ನಡೆಯುತ್ತದೆ. ಇದರ ಸಂಸಾರ ವಿಚಿತ್ರ. ಹೆಣ್ಣು ಮೊಟ್ಟೆ ಇಟ್ಟು ಹೋಗಿಬಿಡುತ್ತದೆ, ಇನ್ನೊಂದು ಗಂಡಿನ ಜೊತೆ ಇನ್ನೊಂದು ಗೂಡು. ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಪೂರಾ ಗಂಡಿನದು. ಅಪಾಯ ಕಂಡರೆ ತಾಮ್ರರೆಕ್ಕೆಯ ದೇವನಕ್ಕಿ ಗಂಡು ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ಓಡುತ್ತದೆ. ಕಂಕುಳಿನಿಂದ ಮರಿಗಳ ಕಾಲು ಜೋತಾಡುತ್ತಿರುತ್ತವೆ. ಗುಂಪಿನಲ್ಲಿ ಇದನ್ನು ಹೇಳಿದರೆ ಹೆಂಗಸರು ನಗುತ್ತಾರೆ, ಗಂಡಸರು ಬೈನಾಕ್ಯುಲರ್ ಒರೆಸಿಕೊಳ್ಳುತ್ತಾರೆ.

ಕೆರೆಯ ಅಂಚಿನ ಬಗ್ಗೆ ಒಂದು ಮಾತು. ಕೆಸರು, ಹುಲ್ಲು, ಇಳಿಜಾರು ಇರುವ ಅಂಚಿನಲ್ಲಿ ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಕುಂಡೆಕುಸ್ಕಗಳು ಮೇಯುತ್ತವೆ. ಅದೇ ಅಂಚನ್ನು ನೆಟ್ಟಗೆ ಕಲ್ಲು ಕಟ್ಟಿ ಚೊಕ್ಕ ಮಾಡಿದರೆ ಕಾಲೂರಲು ಜಾಗವಿಲ್ಲದೆ ಅವು ಬರುವುದನ್ನೇ ಬಿಡುತ್ತವೆ, ಆಳದ ನೀರಿನ ಹಕ್ಕಿ ಮಾತ್ರ ಉಳಿಯುತ್ತದೆ. ಕೆರೆ ಅಭಿವೃದ್ಧಿ ಎಂಬ ಹೆಸರಿನಲ್ಲಿ ಏನೇನು ಕಟ್ಟುತ್ತಾರೆಂದು ಕೇಳುವ ಹಕ್ಕು ವಾಕಿಂಗ್‌ನವರಿಗಿಂತ ಹಕ್ಕಿ ನೋಡುವವರಿಗೆ ಒಂದು ಗುಲಗಂಜಿ ಹೆಚ್ಚೇ ಇದೆ ಎಂಬುದು ನನ್ನ ಅಭಿಪ್ರಾಯ.

ಎರಡು ಮೂರು ಸಲ ಕುಂದವಾಡವಾದ ಮೇಲೆ ಗದ್ದೆ ಬಯಲಿಗೆ ಇಳಿಯಿರಿ. ಹರಿಹರದ ದಾರಿಯಲ್ಲಿ ದೊಡ್ಡಬಾತಿಯ ಕೆರೆ ಸಿಗುತ್ತದೆ. ನಾಲೆಗೆ ನೀರು ಬಿಟ್ಟು ನಾಟಿಗೆ ಗದ್ದೆ ಹದ ಮಾಡುವ ವಾರಗಳನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಕೆಸರು ಕಲಕುತ್ತಿದ್ದರೆ ಹಿಂದೆ ನೂರಾರು ಬೆಳ್ಳಕ್ಕಿ, ಕೊಳದ ಬಕ, ಕೆಂಬರಲು ಮುತ್ತಿಕೊಂಡಿರುತ್ತವೆ. ಬೂದು ಬಿಳಿ ಮೈಯ ಬಾಯ್ಕಳಕ ಕೊಕ್ಕರೆ ಅಲ್ಲಿದ್ದರೆ ಅದರ ಕೊಕ್ಕಿನ ಮೇಲೆ ಬೈನಾಕ್ಯುಲರ್ ಇಡಿ. ಕೊಕ್ಕು ಮುಚ್ಚಿದಾಗಲೂ ನಡುವೆ ಸಂದಿಯಿರುತ್ತದೆ. ಬಸವನಹುಳುವನ್ನು ಒಡೆದು ತಿನ್ನಲು ಈ ಸಂದಿ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಸಾಮಾನ್ಯವಾಗಿ ಚಿಪ್ಪು ಒಡೆಯುವುದಿಲ್ಲ. ಕೆಳಕೊಕ್ಕಿನ ಮೊನೆಯನ್ನು ಚಿಪ್ಪಿನ ಬಾಯೊಳಗೆ ತೂರಿಸಿ, ಹುಳುವನ್ನು ಚಿಪ್ಪಿಗೆ ಹಿಡಿದಿಟ್ಟ ಸ್ನಾಯು ಕತ್ತರಿಸಿ, ಮೆತ್ತನೆಯ ಮೈಯನ್ನು ಇಡಿಯಾಗಿ ಎಳೆದುಕೊಳ್ಳುತ್ತದೆ. ಮರಿಗಳ ಕೊಕ್ಕಿನಲ್ಲಿ ಸಂದಿ ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ಗದ್ದೆಯ ಬದುವಿನ ಮೇಲೆ ನಿಲ್ಲುವ ಮುನ್ನ ಅಲ್ಲಿ ಕೆಲಸ ಮಾಡುವವರನ್ನು ಮಾತಾಡಿಸಿ, ‘ಹಕ್ಕಿ ನೋಡಾಕ ಬಂದೀವಿ ಯಜಮಾನ್ರೇ’ ಎಂದರೆ ಸಾಕು. ಮೊದಲು ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಇಂಥಲ್ಲಿ ನಿನ್ನೆ ದೊಡ್ಡದೊಂದು ಕೂತಿತ್ತು ಎಂದು ಅವರೇ ದಾರಿ ತೋರಿಸುತ್ತಾರೆ.

ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನ ನೋಡಿಕೊಂಡು ಹೊಳೆಯ ದಡಕ್ಕೆ ಬನ್ನಿ. ಬೇಸಿಗೆಯಲ್ಲಿ ನೀರು ಇಳಿದು ಬಂಡೆ, ಮರಳು ತೇಲಿದಾಗ ಒಳ್ಳೆಯದು. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲದ ನದಿ ರೀವ ಮರಳ ದಿಬ್ಬದ ಮೇಲೆಯೇ ಮೊಟ್ಟೆ ಇಡುವ ಹಕ್ಕಿ. ಮರಳು ಹೋದರೆ ಅದರ ಬಾಣಂತನದ ಕೋಣೆಯೇ ಹೋದಂತೆ. ಹೊಳೆಗಳ ಉದ್ದಕ್ಕೂ ಈ ಹಕ್ಕಿಗೆ ಕಷ್ಟ ಬಂದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಬಯಲು. ಕೊಂಡಜ್ಜಿಯ ಗುಡ್ಡ ಮತ್ತು ಕೆರೆ ಅರ್ಧ ದಿನಕ್ಕೆ ಸರಿಯಾಗುತ್ತದೆ. ನವಿಲು, ಕಳ್ಳಿಪೀರ, ಹರಟೆಮಲ್ಲಗಳ ಸಂಸಾರ ಸಿಗುತ್ತವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿ ಘೋಷಣೆಯಾದ ವನ್ಯಜೀವಿಧಾಮ, ಅಲ್ಲಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಚನ್ನಗಿರಿಯ ಸೂಳೆಕೆರೆ ದೊಡ್ಡದು. ಅಷ್ಟು ಅಗಲ ನೀರಿನಲ್ಲಿ ಹಕ್ಕಿಗಳು ದೂರ ಹಂಚಿಹೋಗಿರುತ್ತವೆ, ಹೊಸಬರಿಗೆ ಬೇಸರವಾಗಬಹುದು. ಚಳಿಗಾಲದಲ್ಲಿ ಇಡೀ ದಿನ ಕೈಯಲ್ಲಿದ್ದರೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಗುಂಪುಗುಂಪಾಗಿ ಇಳಿಯುತ್ತವೆ. ಮಾಗಡಿ ಕೆರೆಗೂ, ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮಕ್ಕೂ 2024ರಲ್ಲಿ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು.

ಸಾಮಾನು ಹೆಚ್ಚು ಬೇಡ. ಬೈನಾಕ್ಯುಲರ್ ಕೊಳ್ಳುವಾಗ ಮೇಲೆ 8x42 ಎಂದು ಬರೆದದ್ದನ್ನು ನೋಡಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿಲಿಮೀಟರ್ ಎಂದರ್ಥ. ಅಂಗಡಿಯವರು ಹತ್ತು ಪಟ್ಟಿನದು, ಇಪ್ಪತ್ತು ಪಟ್ಟಿನದು ಎಂದು ಆಸೆ ಹುಟ್ಟಿಸುತ್ತಾರೆ. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಅಷ್ಟೇ ಹೆಚ್ಚಾಗಿ ಕಾಣುತ್ತದೆ, ನೋಟದ ಅಗಲ ಕಿರಿದಾಗುತ್ತದೆ. ಕೊಂಬೆಯಲ್ಲಿ ಕುಪ್ಪಳಿಸುವ ಸಿಂಪಿಗವನ್ನು ಹಿಡಿಯಲು ಆಗುವುದೇ ಇಲ್ಲ. ಬಲಗಣ್ಣಿನ ಬಳಿ ಇರುವ ಸಣ್ಣ ತಿರುಗುಬಳೆಯನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ ಆ ಬಳೆ ತಿರುಗಿಸಿ ಬಲಗಣ್ಣಿಗೆ ಹೊಂದಿಸಿ. ಮುಂದೆ ನಡುವಿನ ಚಕ್ರವೊಂದೇ ಸಾಕು. ಗುಂಪಿಗೆ ಎರಡು ಬೈನಾಕ್ಯುಲರ್ ಇದ್ದರೆ ಕೈಯಿಂದ ಕೈಗೆ ದಾಟಿಸಿಕೊಂಡು ನಡೆಯುತ್ತದೆ. ಹಕ್ಕಿಯ ಜಾಗ ಹೇಳಲು ಗಡಿಯಾರದ ಮುಳ್ಳು ಬಳಸಿ: ಮರವನ್ನೇ ಗಡಿಯಾರ ಮಾಡಿಕೊಂಡು ‘ಎರಡು ಗಂಟೆ ದಿಕ್ಕಿನ ಕೊಂಬೆ’ ಎಂದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ‘ಅಗೋ ಅಲ್ಲಿ, ಆ ಎಲೆ ಪಕ್ಕ’ ಎಂದರೆ ಪೂರ್ತಿ ಮರವೇ ಎಲೆ.

ಕನ್ನಡದಲ್ಲಿ ಓದಿ ಗುರುತಿಸಲು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಇದೆ. ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಂಡರೆ ಕೂಗು ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಸೂಚಿಸುತ್ತದೆ ಅಷ್ಟೇ, ಕಣ್ಣಿನಿಂದ ನೋಡದೆ ಒಪ್ಪಬೇಡಿ. ಆ್ಯಪಿನಲ್ಲಿರುವ ಕೂಗನ್ನು ಜೋರಾಗಿ ಹಾಕಿ ಹಕ್ಕಿಯನ್ನು ಕರೆಸುವ ಚಾಳಿ ಮಾತ್ರ ಬೇಡವೇ ಬೇಡ. ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಹಕ್ಕಿ ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಗೂಡಿನ ಫೋಟೊ ತೆಗೆಯುವುದೂ, ಗೂಡಿರುವ ಜಾಗವನ್ನು ಸ್ಟೇಟಸ್‌ನಲ್ಲಿ ಹಾಕುವುದೂ ಅದೇ ಸಾಲಿಗೆ ಸೇರಿದವು. ದೊಡ್ಡ ಲೆನ್ಸ್ ತಂದವರಿಗೆ ಮೊದಲೇ ಹೇಳಿಬಿಡಿ, ಎಲ್ಲರೂ ನೋಡಿದ ಮೇಲೆ ನಿಮ್ಮ ಸರದಿ ಎಂದು. ಒಂದು ಫ್ರೇಮಿಗಾಗಿ ಒಬ್ಬರು ಮುಂದೆ ನುಗ್ಗಿದರೆ ಐದು ಜನರ ಬೆಳಗು ಹಾಳು.

ಕಂಡದ್ದನ್ನು ಬರೆದಿಡಿ. ದಿನಾಂಕ, ಹೊತ್ತು, ಜಾಗ, ಯಾವ ಹಕ್ಕಿ, ಎಷ್ಟು. ಈ ಪಟ್ಟಿಗಳನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಏರಿಸಿದರೆ ಅವು ದೊಡ್ಡ ಲೆಕ್ಕಕ್ಕೆ ಸೇರುತ್ತವೆ. 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನಿಂತದ್ದು ದೇಶದ 30 ಸಾವಿರಕ್ಕೂ ಹೆಚ್ಚು ಹಕ್ಕಿ ನೋಡುಗರು ಬರೆದ ಸುಮಾರು 3 ಕೋಟಿ ದಾಖಲೆಗಳ ಮೇಲೆ. ಅದರಲ್ಲಿ 942 ಜಾತಿಗಳ ಸ್ಥಿತಿಯನ್ನು ಅಳೆದಿದ್ದಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಹನ್ನೆರಡು ವರ್ಷದಲ್ಲಿ ಶೇ 30ಕ್ಕೂ ಹೆಚ್ಚು ಕಡಿಮೆಯಾಗಿದೆ ಎಂದು ಆ ವರದಿ ಹೇಳುತ್ತದೆ. ಬಯಲುಸೀಮೆಯ ತಂತಿಯ ಮೇಲೆ ಸದಾ ಕಾಣುವ ಹಕ್ಕಿ ಎಂದು ಯಾರೂ ಎಣಿಸದೆ ಬಿಟ್ಟಿದ್ದರೆ ಈ ಕುಸಿತ ಗೊತ್ತೇ ಆಗುತ್ತಿರಲಿಲ್ಲ. ಆದ್ದರಿಂದ ಅಪರೂಪದ್ದನ್ನು ಮಾತ್ರ ಬರೆಯಬೇಡಿ, ಕಾಗೆ ಗೊರವಂಕಗಳನ್ನೂ ಎಣಿಸಿ. ಪ್ರತಿ ಫೆಬ್ರುವರಿಯಲ್ಲಿ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಹದಿನೈದು ನಿಮಿಷ ಸಾಕು. ಮನೆಯ ತಾರಸಿಯೂ ಆಗುತ್ತದೆ, ಕಾಲೇಜಿನ ಆವರಣವೂ ಆಗುತ್ತದೆ. ಕಾಲೇಜುಗಳೇ ತುಂಬಿದ ಈ ಊರಿನಲ್ಲಿ ಎಣಿಸಲು ಆವರಣಗಳಿಗೇನೂ ಬರವಿಲ್ಲ.

ಪಟ್ಟಿ ಪೂರ್ತಿ ಮಾಡಲು ಒಳ್ಳೆಯ ಜಾಗ ಬೆಣ್ಣೆದೋಸೆ ಹೋಟೆಲಿನ ಮೇಜು. ಎಂಟೂವರೆಗೆ ಏರಿಯಿಂದ ಇಳಿದರೆ ಹೊಟ್ಟೆ ಹಸಿದಿರುತ್ತದೆ, ನೆನಪು ಹಸಿಯಾಗಿರುತ್ತದೆ. ಒಬ್ಬರು ಓದುತ್ತಾ ಹೋಗಲಿ, ಉಳಿದವರು ಸಂಖ್ಯೆ ಹೇಳಲಿ. ನಾಲ್ವರಲ್ಲಿ ಇಬ್ಬರು ‘ಸೆಳೆವ’ ಎಂದು, ಇಬ್ಬರು ‘ಅಲ್ಲ, ಹದ್ದು’ ಎಂದು ಪಟ್ಟು ಹಿಡಿದರೆ ದೋಸೆ ಆರಿಸಿಕೊಳ್ಳುವುದು ಬೇಡ: ಇ-ಬರ್ಡ್‌ನಲ್ಲಿ ಜಾತಿ ತಿಳಿಯದ ಬೇಟೆಹಕ್ಕಿ ಎಂದೇ ಬರೆಯಲು ಜಾಗವಿದೆ. ಹಾಗೆ ಬರೆದು, ಇನ್ನೊಂದು ಖಾಲಿ ದೋಸೆ ಹೇಳಿ.